ರಂಗೂನ್ ಬಳ್ಳಿ ಮಾಡಿಗೆ ಹತ್ತಿದೆ, ಹೂ ಮಾತ್ರ ಪಕ್ಕದ ಮನೆಯವರಿಗೆ! ಮಳೆಗೆ ಮೊದಲು ಕತ್ತರಿಸಬಹುದಾ?

ಇಂದ್ರಾಳಿ ಅಂಗಳ

ಎಲ್ಲರಿಗೂ ನಮಸ್ಕಾರ. ನಮ್ಮದು ಉಡುಪಿಯ ಇಂದ್ರಾಳಿ ಹತ್ತಿರ ಹಳೆಯ ಹಂಚಿನ ಮನೆ. ಗೇಟಿನ ಪಕ್ಕದಲ್ಲಿ ಒಂದು ರಂಗೂನ್ ಬಳ್ಳಿ ಉಂಟು. ನರ್ಸರಿಯವರು ಮಧುಮಾಲತಿ ಅಂತ ಹೇಳಿ ಕೊಟ್ಟದ್ದು. ಸಂಜೆ ಬಿಳಿಯಾಗಿ ಅರಳಿ, ಮರುದಿನ ಗುಲಾಬಿ ಬಣ್ಣಕ್ಕೆ ತಿರುಗಿ, ಆಮೇಲೆ ಕೆಂಪಾಗುತ್ತದಲ್ಲ, ಅದೇ ಗೊಂಚಲು ಹೂ.

ಗೇಟಿನ ಮೇಲಿನ ಕಮಾನಿಗೆ ಹಬ್ಬಿಸಲಿಕ್ಕೆ ಅಂತ ನೆಟ್ಟದ್ದು. ಅದು ಕಮಾನಿನಲ್ಲಿ ನಿಲ್ಲಲೇ ಇಲ್ಲ. ಅಲ್ಲಿಂದ ಕಾರ್ ಶೆಡ್ಡಿನ ಶೀಟಿಗೆ ಹೋಯಿತು, ಶೀಟಿನಿಂದ ಮನೆಯ ಹಂಚಿನ ಮಾಡಿಗೆ ಹೋಯಿತು. ಈಗ ಹೂ ಬಿಡುವುದೆಲ್ಲ ಮೇಲೆ. ಪಕ್ಕದ ಮನೆಯ ಆಂಟಿ ಅವರ ಮಹಡಿಯಿಂದ ಫೋಟೊ ತೆಗೆದು ವಾಟ್ಸಾಪಿಗೆ ಹಾಕುತ್ತಾರೆ, "ನಿಮ್ಮ ಬಳ್ಳಿ ಭಾರೀ ಚಂದ ಆಗಿದೆ ಮಾರಾಯ್ತಿ" ಅಂತ. ನಮ್ಮ ಅಂಗಳದಿಂದ ನೋಡಿದರೆ ಕಾಣುವುದು ಬರೀ ಮುಳ್ಳು ಕೋಲು.

ಅದಕ್ಕಿಂತ ದೊಡ್ಡ ಮಂಡೆ ಬಿಸಿ ಮಾಡಿನ ನೀರು ಹರಿದು ಹೋಗುವ ದಂಬೆಯದ್ದು. ತರಗೆಲೆ ಬಿದ್ದು ದಂಬೆ ಕಟ್ಟಿಕೊಂಡು ಕಳೆದ ಮಳೆಗಾಲದಲ್ಲಿ ನೀರು ಚಾವಡಿಗೇ ಬಂತು. ಹಾಗಾಗಿ ಅತ್ತೆ ಹೇಳುತ್ತಾರೆ, ಪತ್ತನಾಜೆಗೆ (ಮೇ ಕೊನೆಗೆ ಬರುವ ತುಳುವರ ದಿನ) ಮೊದಲು ಬುಡದಿಂದಲೇ ತೆಗೆಸಿಬಿಡಿ, ಮತ್ತೆ ಚಿಗುರುತ್ತದೆ ಅಂತ. ನಮ್ಮವರು ಹೇಳುತ್ತಾರೆ, ಬುಡಕ್ಕೆ ಕತ್ತಿ ಹಾಕಿದರೆ ಮತ್ತೆ ಹೂ ನೋಡಲಿಕ್ಕಿಲ್ಲ ಅಂತ. ತೆಂಗಿನಕಾಯಿ ಕೀಳಲಿಕ್ಕೆ ಬರುವವರನ್ನು ಕೇಳಿದೆ. ಅರ್ಧ ಗಂಟೆಯ ಕೆಲಸ, ಆಗಲೇ ಮಾಡಿಕೊಡುತ್ತೇನೆ ಅಂದರು. ಈಗ ಏಪ್ರಿಲ್ ಕೊನೆ. ಬೇಗ ಒಂದು ತೀರ್ಮಾನ ಆಗಬೇಕು.

ಬಳ್ಳಿ ಇರುವ ಜಾಗಕ್ಕೆ ಬೆಳಿಗ್ಗೆ ಹತ್ತೂವರೆವರೆಗೆ ಬಿಸಿಲು ಉಂಟು, ಆಮೇಲೆ ಹಲಸಿನ ಮರದ ನೆರಳು. ನೀರಿಗೆ ತೊಂದರೆ ಇಲ್ಲ. ಬಚ್ಚಲಿನ ನೀರು ಹೋಗುವ ಕಣಿ ಅದರ ಬುಡದಲ್ಲೇ ಹೋಗುತ್ತದೆ. ತಿಂಗಳಿಗೊಮ್ಮೆ ಹಟ್ಟಿ ಗೊಬ್ಬರ, ನಡುವೆ ಸ್ವಲ್ಪ 19 ಆಲ್ (ಸಾರಜನಕ, ರಂಜಕ, ಪೊಟ್ಯಾಷ್ ಸಮ ಇರುವ ರಸಗೊಬ್ಬರ) ಹಾಕುತ್ತೇವೆ. ಎಲೆ ಮಾತ್ರ ಒಂದೊಂದೂ ಕೈಯಗಲ. ಕೆಳಗೆ ಯಾಕೆ ಹೂ ಬಿಡುವುದಿಲ್ಲ? ಯಾವಾಗ, ಎಷ್ಟು ಕತ್ತರಿಸಬೇಕು?

ಬಿಜೈ ಟೆರೇಸ್

ಧೈರ್ಯವಾಗಿ ಕತ್ತರಿಸಿ. ಅದು ಸಾಯುವ ಜಾತಿ ಅಲ್ಲ. ನಾನು ಮಂಗಳೂರಿನಲ್ಲಿ ಫ್ಲ್ಯಾಟಿನ ಟೆರೇಸಿನಲ್ಲಿ ಹಳೆಯ ನೀರಿನ ಡ್ರಮ್ಮಿಗೆ ಮಣ್ಣು ತುಂಬಿಸಿ ಬೆಳೆಸಿದ್ದೇನೆ. ಪ್ರತಿ ವರ್ಷ ಜನವರಿ ಕೊನೆಗೆ, ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ ಬಂದ ಹುಮ್ಮಸ್ಸಿನಲ್ಲಿ ಮೊಣಕಾಲೆತ್ತರಕ್ಕೆ ಇಳಿಸುತ್ತೇನೆ. ಬೇಸಿಗೆಗೆ ಗೊಂಚಲು ಗೊಂಚಲು. ನಿಮ್ಮದು ನೆಲದಲ್ಲಿ ಬೇರು ಬಿಟ್ಟದ್ದು, ಇನ್ನೂ ಗಟ್ಟಿ.

ಕಟಪಾಡಿ ಹಿತ್ತಿಲು

ಇಂದ್ರಾಳಿಯವರೇ, ಮೊದಲು ಆ ಕತ್ತಿಯವರಿಗೆ ಫೋನ್ ಮಾಡಿ ಬರುವುದು ಬೇಡ ಅಂತ ಹೇಳಿ. ಆಮೇಲೆ ಇದನ್ನು ಓದಿ. ಸ್ವಲ್ಪ ಉದ್ದ ಬರೆಯುತ್ತೇನೆ. ನಮ್ಮಲ್ಲಿ ಮಲ್ಲಿಗೆ ಉಂಟು, ಮಾರುವುದಕ್ಕೆ ಬೆಳೆಯುವುದು. ಕತ್ತರಿ ಕೈಯಲ್ಲೇ ಇರುವ ಜನ ನಾವು. ರಂಗೂನ್ ಬಳ್ಳಿ ಬಾವಿಕಟ್ಟೆಯ ಪಕ್ಕ ಸುಮ್ನೆ ಚಂದಕ್ಕೆ ಇಟ್ಟುಕೊಂಡದ್ದು. ಮಲ್ಲಿಗೆಯಾದರೆ 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ ಅಂತ ಲೆಕ್ಕ ಹಾಕಿ ಶಂಕರಪುರದ ಹೂವಿನ ಕಟ್ಟೆಗೆ ಕೊಡಬಹುದು. ಇದನ್ನು ಯಾರೂ ಕೊಳ್ಳುವುದಿಲ್ಲ. ಆದರೂ ನನಗೆ ಇದರ ಮೇಲೆಯೇ ಪ್ರೀತಿ ಜಾಸ್ತಿ.

ಬಿಜೈಯವರು ಹೇಳಿದ್ದು ಸರಿ, ಸಾಯುವುದಿಲ್ಲ. ಆದರೆ ಅವರದ್ದು ಡ್ರಮ್ಮಿನ ಗಿಡ, ಕತ್ತರಿಸುವುದು ಜನವರಿಯಲ್ಲಿ. ನೀವು ಕೇಳುತ್ತಿರುವುದು ಏಪ್ರಿಲ್ ಕೊನೆಗೆ, ನೆಲದ ಗಿಡದ ಬಗ್ಗೆ. ಈ ಬಳ್ಳಿ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಈಗ ಮೇಲೆ ಇರುವ ಚಿಗುರೆಲ್ಲ ಹೂವಿಗೆ ತಯಾರಾದದ್ದು. ಈಗ ಬುಡಕ್ಕೆ ಇಳಿಸಿದರೆ ಈ ವರ್ಷದ ಹೂ ಹೋಯಿತು. ಅಷ್ಟೇ ಆದರೆ ಪರವಾಗಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಸೆಪ್ಟೆಂಬರಿನ ಒಳಗೆ ಸುರಿದು ಮುಗಿಯುತ್ತದೆ. ಬುಡದಲ್ಲಿ ಅಷ್ಟು ದೊಡ್ಡ ಬೇರು, ಮೇಲೆ ಎಂತದೂ ಇಲ್ಲ, ಜೊತೆಗೆ ಆ ನೀರು. ಕೋಲಿನ ಹಾಗೆ ನೆಟ್ಟಗೆ ಚಿಗುರು ಏಳುತ್ತದೆ, ಬರೀ ಎಲೆ. ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವ ಹೊತ್ತಿಗೆ ಮತ್ತೆ ನಿಮ್ಮ ಮಾಡಿನ ಮೇಲೆ. ಬಿಸಿಲಿಲ್ಲದೆ ಹೂವೂ ಇಲ್ಲ. ಅತ್ತೆಯವರಿಗೆ ದಂಬೆಯದ್ದು ಚಿಂತೆ, ಅದು ನ್ಯಾಯವೇ. ಆದರೆ ಬುಡ ಕಡಿದರೆ ದಂಬೆ ಉಳಿಯುವುದು ಎರಡೇ ತಿಂಗಳು.

ಹಾಗಾದರೆ ಈಗ ಎಷ್ಟು? ಮಾಡಿನ ಮೇಲಿದ್ದದ್ದು, ಶೀಟಿನ ಮೇಲಿದ್ದದ್ದು, ಕರೆಂಟಿನ ವಯರಿಗೆ ತಾಗುವುದು, ಒಣಗಿದ ಕೋಲು. ಇಷ್ಟು ಸಾಕು. ಒಟ್ಟು ಬಳ್ಳಿಯಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೋಗಬಾರದು. ವಯರಿನ ಹತ್ತಿರದ್ದಕ್ಕೆ ಲೈನ್‌ಮ್ಯಾನಿಗೆ ಹೇಳಿ ಲೈನ್ ಆಫ್ ಮಾಡಿಸಿಯೇ ಕೈ ಹಾಕಿ. ಕತ್ತರಿ ಹಾಕುವ ಮೊದಲು ಒಳಗೆ ಇಣುಕಿ ನೋಡಿ. ಈಗ ಪಿಕಳಾರ ಗೂಡು ಕಟ್ಟುವ ಕಾಲ. ಮುಳ್ಳಿನ ಒಳಗೆ ಬೆಕ್ಕು ಬರುವುದಿಲ್ಲ ಅಂತ ಅವಕ್ಕೆ ಗೊತ್ತು. ಗೂಡಿದ್ದರೆ ಆ ಗೆಲ್ಲು (ಕೊಂಬೆ) ಮರಿ ಹಾರುವವರೆಗೆ ಇರಲಿ. ಕಚ್ಚುವ ಕೆಂಪು ಚಗಳಿ ಇರುವೆಯ ಕೊಟ್ಟೆ (ಎಲೆಗೂಡು) ಇದ್ದರೆ ಅದನ್ನೂ ನೋಡಿಕೊಳ್ಳಿ, ಇಲ್ಲದಿದ್ದರೆ ಏಣಿಯಿಂದ ಹಾರಬೇಕಾದೀತು.

ಇನ್ನೊಂದು, ಹಂಚಿನ ಮೇಲಿನ ಬಳ್ಳಿಯನ್ನು ಕೆಳಗಿನಿಂದ ಎಳೆಯಬೇಡಿ. ದೋಟಿ (ಕೊಕ್ಕೆಯ ಉದ್ದ ಕೋಲು) ಹಾಕಿ ಎಳೆಯುವುದಂತೂ ಬೇಡವೇ ಬೇಡ. ಈ ಬಳ್ಳಿಯ ಮುಳ್ಳು ಗುಲಾಬಿಯ ಮುಳ್ಳಲ್ಲ. ಹತ್ತಿರದಿಂದ ನೋಡಿ ಬೇಕಾದರೆ. ಎಲೆ ಉದುರುವಾಗ ಅದರ ತೊಟ್ಟು ಪೂರ್ತಿ ಉದುರುವುದಿಲ್ಲ. ಬುಡದ ತುಂಡು ಕೋಲಿನಲ್ಲೇ ಉಳಿದು, ಒಣಗಿ, ಕೆಳಮುಖವಾಗಿ ಬಾಗಿ ಗಟ್ಟಿಯಾಗುತ್ತದೆ. ಮೀನಿನ ಗಾಳ ಇದ್ದ ಹಾಗೆ. ಮೇಲೆ ಹೋಗುವಾಗ ಸಲೀಸಾಗಿ ಜಾರುತ್ತದೆ, ಕೆಳಗೆ ಎಳೆದರೆ ಕಚ್ಚಿಕೊಳ್ಳುತ್ತದೆ. ನೀವು ಎಳೆದರೆ ಬಳ್ಳಿಯ ಜೊತೆ ಹಂಚೂ ಬರುತ್ತದೆ. ಮೇಲೆ ಹೋಗಿ ಮೊಳದುದ್ದ ತುಂಡು ಮಾಡಿ ಒಂದೊಂದೇ ಎತ್ತಿ ಹಾಕಬೇಕು. ಕೈಗೆ ಚರ್ಮದ ಗ್ಲೌಸ್, ತೋಳು ಮುಚ್ಚುವ ಹಳೆಯ ಶರ್ಟು, ಕಣ್ಣಿಗೆ ಕನ್ನಡಕ.

ದೊಡ್ಡ ಕತ್ತರಿಕೆ ಮಾಡುವುದು ಮಳೆ ಬಿಟ್ಟ ಮೇಲೆ. ನಮ್ಮಲ್ಲಿ ನವರಾತ್ರಿಗೂ ದೀಪಾವಳಿಗೂ ನಡುವೆ. ಮಣ್ಣಿನಲ್ಲಿ ಇನ್ನೂ ಪಸೆ ಇರುತ್ತದೆ, ಮೇಲೆ ಬಿಸಿಲು ಶುರುವಾಗಿರುತ್ತದೆ. ಆಗ ಬರುವ ಚಿಗುರು ಗಿಡ್ಡ, ಗಟ್ಟಿ. ಚಳಿ ಕಳೆದು ಸೆಖೆ ಶುರುವಾಗುವಾಗ ಮೊಗ್ಗು ಹಿಡಿಯುತ್ತದೆ. ಬುಡದಿಂದ ಎದ್ದ ದಪ್ಪ ಕೋಲುಗಳಲ್ಲಿ ನಾಲ್ಕೋ ಐದೋ ಒಳ್ಳೆಯದನ್ನು ಇಟ್ಟುಕೊಳ್ಳಿ. ತೀರ ಹಳತು, ತೊಗಟೆ ಒಡೆದದ್ದು ಒಂದೆರಡನ್ನು ಬುಡದಿಂದ ತೆಗೆಯಿರಿ. ಇಟ್ಟುಕೊಂಡದ್ದನ್ನು ಕಮಾನಿನ ಎತ್ತರಕ್ಕೆ ನಿಲ್ಲಿಸಿ. ಅದರಿಂದ ಹೊರಟ ಅಡ್ಡ ಗೆಲ್ಲುಗಳನ್ನು ಎರಡು ಮೂರು ಗಂಟು ಬಿಟ್ಟು ಕತ್ತರಿಸಿ. ನಾನು ಹೇಳಿದೆನಲ್ಲ ಆ ಗಾಳದ ಮುಳ್ಳು, ಅದರ ಕಂಕುಳಲ್ಲಿ ನೋಡಿದರೆ ಸಾಸಿವೆ ಕಾಳಿನಷ್ಟು, ಚಿಗುರು ಒಡೆಯುವ ಕಣ್ಣು ಕಾಣುತ್ತದೆ. ಮುಟ್ಟಿದರೆ ಕೈಗೆ ಸಿಗುತ್ತದೆ. ಅದರ ಮೇಲೆ ಕಾಲು ಇಂಚು ಬಿಟ್ಟು ಓರೆಯಾಗಿ ಕತ್ತರಿಸಿ. ತುಂಬ ಉದ್ದ ಬಿಟ್ಟರೆ ಆ ಮೋಟು ಒಣಗಿ ಕೊಳೆಯುತ್ತದೆ. ಕತ್ತಿಯಿಂದ ಹೊಡೆದರೆ ಸೀಳುತ್ತದೆ, ಒಳ್ಳೆ ಹರಿತದ ಸಿಕೇಚರ್ ಬೇಕು.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಕೆಳಗೆ ಯಾಕೆ ಹೂ ಇಲ್ಲ ಅಂತ. ಅದಕ್ಕೆ ಮದ್ದು ಕತ್ತರಿಯಲ್ಲಿ ಇಲ್ಲ, ಬಗ್ಗಿಸುವುದರಲ್ಲಿ ಉಂಟು. ನೆಟ್ಟಗೆ ಹೋಗುವ ಕೋಲಿನಲ್ಲಿ ತುದಿಯ ಕುಡಿ ಕೆಳಗಿನ ಕಣ್ಣುಗಳನ್ನು ಏಳಲಿಕ್ಕೆ ಬಿಡುವುದಿಲ್ಲ. ತುದಿ ಬೆಳಕು ಹುಡುಕಿಕೊಂಡು ಹೋಗುತ್ತಲೇ ಇರುತ್ತದೆ, ಹೂ ಅಲ್ಲಿಯೇ. ಅದೇ ಕೋಲನ್ನು ಅಡ್ಡ ಮಲಗಿಸಿ ಕಟ್ಟಿದರೆ ಉದ್ದಕ್ಕೂ ಕಣ್ಣು ಒಡೆದು ಗೆಲ್ಲು ಬರುತ್ತದೆ. ಪ್ರತಿ ಗೆಲ್ಲಿನ ತುದಿಗೂ ಗೊಂಚಲು. ನಿಮ್ಮ ಕಂಪೌಂಡಿನ ಕೆಂಪುಕಲ್ಲಿನ ಗೋಡೆಗೆ ಒಂದೊಂದು ಅಡಿ ಅಂತರದಲ್ಲಿ ಮೂರು ಸಾಲು ಜಿಐ ತಂತಿ ಎಳೆಯಿರಿ. ಗೋಡೆಗೆ ತಾಗಿಸಬೇಡಿ, ನಾಲ್ಕು ಬೆರಳು ದೂರ ಇರಲಿ, ಗಾಳಿಯಾಡಬೇಕು. ಎಳೆಯ ಕೋಲು ಹಸಿರಿರುವಾಗಲೇ ನಿಧಾನ ಬಗ್ಗಿಸಿ ಕಟ್ಟಿ. ಬಲಿತ ಮೇಲೆ ಬಗ್ಗಿಸಿದರೆ ಚಟ್ ಅಂತ ಮುರಿಯುತ್ತದೆ. ಕಟ್ಟಲಿಕ್ಕೆ ಬಾಳೆ ನಾರು ಅಥವಾ ತೆಂಗಿನ ಹುರಿ. ಪ್ಲಾಸ್ಟಿಕ್ ಹಗ್ಗ ಕೋಲು ದಪ್ಪವಾದ ಹಾಗೆ ಒಳಗೆ ಕೊರೆಯುತ್ತದೆ. ಮಾಡಿಗೆ ಹೋಗಲಿಕ್ಕೆ ನೋಡುವ ಕುಡಿಯನ್ನು ಆಗಾಗ ಚಿವುಟುತ್ತಾ ಇರಿ. ವರ್ಷಕ್ಕೊಮ್ಮೆ ಕತ್ತಿ ಹಾಕುವುದಕ್ಕಿಂತ ವಾರಕ್ಕೊಮ್ಮೆ ಉಗುರು ಹಾಕುವುದು ಸುಲಭ.

ಇನ್ನು ಬಚ್ಚಲ ನೀರು. ಅದನ್ನು ತಪ್ಪಿಸಿ ಮಾರಾಯ್ರೆ! ಎಲೆ ಕೈಯಗಲ ಅಂತ ನೀವೇ ಬರೆದಿದ್ದೀರಿ. ವರ್ಷವಿಡೀ ನೀರು, ತಿಂಗಳಿಗೊಮ್ಮೆ ಹಟ್ಟಿ ಗೊಬ್ಬರ, ಮೇಲಿಂದ 19 ಆಲ್. ಅದಕ್ಕೆ ಹೂ ಬಿಡುವ ಅಗತ್ಯ ಎಂತದು? ಸಾರಜನಕ ಜಾಸ್ತಿಯಾದರೆ ಎಲೆ, ಕೋಲು ಮಾತ್ರ. ಆ ಕಣಿಯನ್ನು ಬಾಳೆಗೆ ತಿರುಗಿಸಿ. ಗೊಬ್ಬರ ವರ್ಷಕ್ಕೆ ಒಮ್ಮೆ ಸಾಕು, ದೊಡ್ಡ ಕತ್ತರಿಕೆ ಆದ ಮೇಲೆ. ಒಂದು ಬುಟ್ಟಿ ಸುಡುಮಣ್ಣು, ಒಂದೆರಡು ಸೇರು ಬಚ್ಚಲೊಲೆಯ ಬೂದಿ, ಎರಡು ಹಿಡಿ ಎಲುಬಿನ ಹುಡಿ. ಬುಡಕ್ಕೆ ತಾಗಿಸದೆ ಒಂದೂವರೆ ಅಡಿ ದೂರದಲ್ಲಿ ಸುತ್ತ ಕೊಟ್ಟು ಮಣ್ಣು ಮುಚ್ಚಿ. ನಮ್ಮ ಕೆಂಪು ಮುರ ಮಣ್ಣಿನಲ್ಲಿ ಪೊಟ್ಯಾಷ್ ಎಲ್ಲ ಮಳೆಗೆ ತೊಳೆದು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ಬೂದಿ ಎರಡಕ್ಕೂ ಆಗುತ್ತದೆ. ಮಲ್ಲಿಗೆಗೆ ನಾವು ನೆಲಗಡಲೆ ಹಿಂಡಿ ನೆನೆಸಿ ಹಾಕುತ್ತೇವೆ. ಇದಕ್ಕೆ ಅದು ಬೇಡ, ದುಡ್ಡು ದಂಡ.

ಹಲಸಿನ ಕೆಳಗಿನ ಒಂದು ಗೆಲ್ಲು ತೆಗೆಸಿದರೆ ಮಧ್ಯಾಹ್ನದ ಬಿಸಿಲೂ ಸಿಗುತ್ತದೆ. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು ಇದಕ್ಕೆ. ಈ ವರ್ಷದ ಹಲಸು ಮುಗಿದ ಮೇಲೆ ತೆಗೆಸಿ ಬೇಕಾದರೆ.

ಎಂಡ್‌ಪಾಯಿಂಟ್ ನಡಿಗೆ

ಕಟಪಾಡಿಯವರ ಮಾತು ಹೆಚ್ಚಿನದ್ದೆಲ್ಲ ಒಪ್ಪಿಗೆ. ದೀಪಾವಳಿಯ ಹೊತ್ತಿನ ಕತ್ತರಿಕೆ ಮಾತ್ರ ನನಗೆ ಸರಿ ಕಾಣುವುದಿಲ್ಲ. ಮಣಿಪಾಲದಲ್ಲಿ ನಮ್ಮ ಕ್ವಾರ್ಟರ್ಸಿನ ಬಳ್ಳಿ ಮಳೆ ಬಿಟ್ಟ ಮೇಲೆ ಇನ್ನೊಂದು ಸುತ್ತು ಹೂ ಬಿಡುತ್ತದೆ, ನವೆಂಬರ್‌ವರೆಗೂ. ಆಗ ಕತ್ತರಿಸಿದರೆ ಆ ಹೂ ಎಲ್ಲ ಕಸಕ್ಕೆ ಹೋಗುತ್ತದೆ. ನಾವು ಜನವರಿ ಕೊನೆಗೆ ಕತ್ತರಿಸುವುದು, ಬಿಜೈಯವರ ಹಾಗೆಯೇ. ಹೂ ಸ್ವಲ್ಪ ತಡ, ಆದರೆ ಎರಡು ಸುತ್ತೂ ಸಿಗುತ್ತದೆ.

ನೆಟ್ಟಿನಲ್ಲಿ ಹುಡುಕುವವರಿಗೆ ಒಂದು ಮಾತು. ಇದರ ಈಗಿನ ಸಸ್ಯಶಾಸ್ತ್ರದ ಹೆಸರು ಕಾಂಬ್ರೆಟಮ್ ಇಂಡಿಕಮ್. ಹಳೆಯದು ಕ್ವಿಸ್‌ಕ್ವಾಲಿಸ್ ಇಂಡಿಕಾ, ನರ್ಸರಿಗಳಲ್ಲಿ ಈಗಲೂ ಅದೇ. ಎರಡೂ ಒಂದೇ ಗಿಡ. ನಮ್ಮ ಮತ್ತಿ, ತಾರೆ, ಅಳಲೆ ಮರಗಳದ್ದೇ ಕುಟುಂಬ ಇದು. ಬುಡ ಕಡಿದರೂ ಚಿಗುರುವ ಗುಣ ಅಲ್ಲಿಂದಲೇ ಬಂದದ್ದು ಅಂತ ನನ್ನ ಊಹೆ.

ಹೂ ಕೆಳಗೆ ಇಳಿದ ಮೇಲೆ ಒಂದು ದಿನ ಸಂಜೆ ಏಳು ಗಂಟೆಗೆ ಅಲ್ಲೇ ನಿಂತು ನೋಡಿ. ಹೊಸದಾಗಿ ಅರಳಿದ ಬಿಳಿ ಹೂವಿಗೆ ಪರಿಮಳ ಜಾಸ್ತಿ. ಹೂವಿನ ಕೊಳವೆ ಎರಡೂವರೆ ಇಂಚು ಉದ್ದ. ಅಷ್ಟು ಉದ್ದದ ನಾಲಗೆ ಇರುವ ದೊಡ್ಡ ಪತಂಗಗಳು ಬಂದು ಗಾಳಿಯಲ್ಲೇ ನಿಂತು ಮಕರಂದ ಕುಡಿಯುತ್ತವೆ. ಹಗಲಿಗೆ ಗುಲಾಬಿ, ಕೆಂಪು ಹೂಗಳಿಗೆ ಜೇನುನೊಣ, ಸೂರಕ್ಕಿ. ಸೂರಕ್ಕಿ ಕೆಲವೊಮ್ಮೆ ಕೊಳವೆಯ ಬುಡಕ್ಕೇ ತೂತು ಹಾಕಿ ಕುಡಿದು ಹೋಗುತ್ತದೆ, ಕಳ್ಳ.

ಕಟಪಾಡಿ ಹಿತ್ತಿಲು

ಮಣಿಪಾಲದವರೇ, ನಿಮ್ಮದು ಗುಡ್ಡದ ಮೇಲೆ. ಇಡೀ ದಿನ ಬಿಸಿಲು, ನೀರು ನಿಲ್ಲುವುದಿಲ್ಲ. ಜನವರಿಗೆ ಕತ್ತರಿಸಿದರೂ ತಡೆಯುತ್ತದೆ. ಇಂದ್ರಾಳಿಯವರದ್ದು ಅರ್ಧ ನೆರಳು. ಜನವರಿಯಲ್ಲಿ ಕತ್ತರಿಸಿದರೆ ಚಿಗುರು ಬಲಿಯುವಷ್ಟರಲ್ಲಿ ಮೇ ಬಂತು, ಹೂ ಅರಳುವಾಗ ಮಳೆ ಬಂತು. ಗೊಂಚಲು ನೆನೆದು ಬಾಗಿ ಕೊಳೆತು ಹೋಗುತ್ತದೆ. ನಿಮ್ಮ ನವೆಂಬರ್ ಹೂ ನೀವು ಇಟ್ಟುಕೊಳ್ಳಿ, ನಾನು ಮಾರ್ಚಿನದ್ದೇ ಇಟ್ಟುಕೊಳ್ಳುತ್ತೇನೆ.

ಕಾರ್ಕಳ ಅಡಿಕೆ

ದಪ್ಪ ಕೋಲು ಕಡಿದರೆ ಗಾಯಕ್ಕೆ ಬೋರ್ಡೋ ಪೇಸ್ಟ್ ಹಚ್ಚಿ, ಮಳೆಗೆ ಕೊಳೆಯುವುದಿಲ್ಲ. ಅಡಿಕೆಗೆ ಕೊಳೆರೋಗಕ್ಕೆ ಹೊಡೆಯುವ ಮದ್ದು 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಪೇಸ್ಟ್ ಅದಕ್ಕಿಂತ ಹತ್ತು ಪಾಲು ಗಟ್ಟಿ. ನಿಮಗೆ ಅಷ್ಟೆಲ್ಲ ಬೇಡ. 10 ಗ್ರಾಂ ತುತ್ತು 50 ಮಿಲಿ ನೀರಿನಲ್ಲಿ. 10 ಗ್ರಾಂ ಸುಣ್ಣ ಇನ್ನೊಂದು 50 ಮಿಲಿಯಲ್ಲಿ. ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಿ. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ ಮಾತ್ರ, ಕಬ್ಬಿಣ ಬೇಡ. ತುಕ್ಕಿಲ್ಲದ ಕಬ್ಬಿಣದ ಚೂರಿ ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನೂ ಸ್ವಲ್ಪ ಸೇರಿಸಿ. ಕೂಡಿಸಿದ್ದು ಆ ದಿನವೇ ಮುಗಿಸಬೇಕು. ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ, ತುತ್ತು ವಿಷ.

ಕಟಪಾಡಿ ಹಿತ್ತಿಲು

ಇದು ಒಳ್ಳೆಯ ಮಾತು. ಹೆಬ್ಬೆರಳಿಗಿಂತ ದಪ್ಪದ ಗಾಯಕ್ಕೆ ಮಾತ್ರ ಸಾಕು. ಸಣ್ಣವು ಬಿಸಿಲಿಗೆ ತಾನಾಗಿ ಒಣಗುತ್ತವೆ.

ಇಂದ್ರಾಳಿ ಅಂಗಳ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಕತ್ತಿಯವರಿಗೆ ಬೇಡ ಅಂತ ಹೇಳಿ, ತೆಂಗಿನಕಾಯಿ ಮಾತ್ರ ಕೀಳಿಸಿದೆವು. ಭಾನುವಾರ ನಮ್ಮವರೇ ಏಣಿ ಇಟ್ಟು ಮಾಡಿನ ಮೇಲಿನದ್ದು ತುಂಡು ತುಂಡು ಮಾಡಿ ತೆಗೆದರು. ಹಂಚು ಒಂದೂ ಹೋಗಲಿಲ್ಲ. ಶೀಟಿನ ಮೂಲೆಯಲ್ಲಿ ಪಿಕಳಾರದ ಗೂಡು ನಿಜಕ್ಕೂ ಇತ್ತು, ಮೂರು ಮೊಟ್ಟೆ. ಆ ಮೂಲೆ ಹಾಗೆಯೇ ಬಿಟ್ಟಿದ್ದೇವೆ. ಪಕ್ಕದ ಆಂಟಿಗೆ ಮಾತ್ರ ಸಿಟ್ಟು ಬಂದಿದೆ, ಹೂ ಎಲ್ಲ ತೆಗೆದಿರಾ ಅಂತ.

ಬಚ್ಚಲ ಕಣಿಯನ್ನು ಪಿಕ್ಕಾಸು ಹಾಕಿ ಬಾಳೆಯ ಕಡೆ ತಿರುಗಿಸಿದೆವು. ಆಗ ಇನ್ನೊಂದು ಕಂಡಿತು. ಬುಡದಿಂದ ನಾಲ್ಕೈದು ಅಡಿ ದೂರದಲ್ಲಿ ಮಣ್ಣಿನಿಂದ ಹೊಸ ಗಿಡಗಳು ಎದ್ದಿವೆ, ಒಂದು ಕಾರ್ ಶೆಡ್ಡಿನ ಇಂಟರ್‌ಲಾಕಿನ ಸಂದಿನಲ್ಲಿ. ಇವು ಬೇರಿನಿಂದ ಬಂದದ್ದಾ? ಇಡಬೇಕಾ, ಕೀಳಬೇಕಾ? ಅತ್ತೆಯ ತಂಗಿಗೆ ಕುಂದಾಪುರದಲ್ಲಿ ಒಂದು ಗಿಡ ಬೇಕಂತೆ. ಬುಡ ಕಡಿಯಿರಿ ಅಂದವರೇ ಈಗ ಗಿಡ ಹಂಚಲಿಕ್ಕೆ ಹೊರಟಿದ್ದಾರೆ.

ಕಟಪಾಡಿ ಹಿತ್ತಿಲು

ಬೇರಿನಿಂದಲೇ ಬಂದದ್ದು. ಇಂಟರ್‌ಲಾಕಿನದ್ದು ಇಡಬೇಡಿ, ದಪ್ಪ ಆದರೆ ಕಲ್ಲು ಎಬ್ಬಿಸುತ್ತದೆ. ಮಣ್ಣಿನ ಮೇಲೆ ಕತ್ತರಿಸಿದರೆ ಒಂದಿದ್ದದ್ದು ಮೂರಾಗುತ್ತದೆ. ಒಂದು ಕಲ್ಲು ತೆಗೆದು, ತಾಯಿ ಬೇರಿಗೆ ಸೇರುವಲ್ಲಿಯೇ ತುಂಡು ಮಾಡಿ. ಉಳಿದದ್ದು ಕುಂದಾಪುರಕ್ಕೆ. ಈಗ ಬೇಡ, ಬಿಸಿಲಿಗೆ ಬಾಡುತ್ತದೆ. ಈಗ ಹಾರೆಯಿಂದ ತಾಯಿ ಬೇರಿನ ಸಂಬಂಧ ಕಡಿದು ಅಲ್ಲೇ ಬಿಡಿ, ಸ್ವಂತ ಬೇರು ಬರಲಿ, ಸ್ವಲ್ಪ ನೀರು ಕೊಡಿ. ಜೂನ್‌ನಲ್ಲಿ ಒಳ್ಳೆ ಎರಡು ಮಳೆ ಬಿದ್ದ ಮೇಲೆ ಮಣ್ಣಿನ ಗಟ್ಟಿ ಸಮೇತ ಎತ್ತಿ ಗೋಣಿಯಲ್ಲಿ ಕಟ್ಟಿ ಕಳಿಸಿ. ಎಲೆ ಅರ್ಧ ಚಿವುಟಿ ಹಾಕಿ. ಕೋಲಿನಿಂದಲೂ ಆಗುತ್ತದೆ. ಪೆನ್ಸಿಲಿನಷ್ಟು ದಪ್ಪದ್ದು, ಗೇಣುದ್ದ, ಅದೇ ಹೊತ್ತಿಗೆ ನೆಟ್ಟರೆ ಸಾಕು. ಆದರೆ ಬೇರಿನ ಗಿಡ ಬೇಗ ಹೂ ಬಿಡುತ್ತದೆ.

ಬಿಜೈ ಟೆರೇಸ್

ಇಂದ್ರಾಳಿಯವರೇ, ನಿಮ್ಮದು ಸಿಂಗಲ್ಲಾ ಡಬಲ್ಲಾ? ಸಿಂಗಲ್ ಆದರೆ ಒಂದು ಕೋಲು ನನಗೂ ಇರಲಿ. ನನ್ನದು ಡಬಲ್.

ಇಂದ್ರಾಳಿ ಅಂಗಳ

ಸಿಂಗಲ್, ಐದು ಎಸಳು. ಜೂನ್ ಎರಡನೇ ವಾರ ಬನ್ನಿ, ತೆಗೆದಿಡುತ್ತೇನೆ. ಗ್ಲೌಸ್ ನೀವೇ ತನ್ನಿ, ನಮ್ಮದು ಹರಿದು ಹೋಗಿದೆ.

ಎಂಡ್‌ಪಾಯಿಂಟ್ ನಡಿಗೆ

ಸಿಂಗಲ್ಲಿನಲ್ಲಿ ಅಪರೂಪಕ್ಕೆ ಐದು ಏಣಿನ ಕಾಯಿ ಕಟ್ಟುತ್ತದೆ. ಕೆಲವು ಕಡೆ ಹೊಟ್ಟೆ ಹುಳಕ್ಕೆ ಅದರ ಬೀಜ ಕೊಡುವ ಪದ್ಧತಿ ಉಂಟು. ಯಾರಾದರೂ ಹೇಳಿದರು ಅಂತ ಮನೆಯಲ್ಲಿ ಮಕ್ಕಳಿಗೆ ಕೊಡಬೇಡಿ. ಸ್ವಲ್ಪ ಜಾಸ್ತಿಯಾದರೂ ವಾಂತಿ, ಬಿಕ್ಕಳಿಕೆ ಹಿಡಿಯುತ್ತದೆ. ಕಾಯಿ ಕಂಡರೆ ಕಿತ್ತು ಹಾಕಿ.